ಒದ್ದೆ ಬಟ್ಟೆಗೊಂದು ಜಾಗ

ಅವರ ಬಲಗೈಯ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಬೆರಳುಗಳ ತುದಿ ಬಿಳಿಚಿಕೊಂಡು, ಆಗಷ್ಟೇ ನೀರಿನಿಂದ ತೆಗೆದ ಹಾಗೆ ಸದಾ ಸುಕ್ಕುಗಟ್ಟಿರುತ್ತಿತ್ತು. ಬಟ್ಟೆಯ ನೂಲಿಗೆ ಸಿಕ್ಕಬಾರದೆಂದು ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಕೈ ಅದು. ಮೊದಮೊದಲು ಅಲ್ಲಿ ಯಂತ್ರ ಇರಲಿಲ್ಲವಂತೆ. ರೋಗಿಗಳ ಚಾದರಗಳನ್ನು ಇಬ್ಬರು ಎದುರುಬದುರು ನಿಂತು ಹಿಂಡಬೇಕಿತ್ತು. ಹಿಂಡಿ ಹಿಂಡಿಯೇ ಹೆಬ್ಬೆರಳು ಹಾಗಾಯಿತು. ಅದನ್ನು ತೋರಿಸಿ, ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟ್ ಇದೊಂದೇ ಎಂದು ನಗುತ್ತಿದ್ದರು.

ನಾನು ಅವರನ್ನು ಎದುರುಮನೆಯ ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಕಾಗದದ ಮೇಲೆ ಹಾಕಿ ಅವಮಾನ ಮಾಡಿದ್ದು ಒಮ್ಮೆ ಸಾಕು. ಮಾಡಿದವರಲ್ಲಿ ನಾನೂ ಒಬ್ಬಳು.

ಪಾಣೆಮಂಗಳೂರಿನಲ್ಲಿ ಹೊಳೆಯಿಂದ ಸ್ವಲ್ಪ ಮೇಲೆ ನಾಲ್ಕು ಮಾಳಿಗೆಯ ಒಂದು ಕಟ್ಟಡ. ಎರಡನೆಯ ಮಾಳಿಗೆಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ಇಬ್ಬರೂ ಬಾಡಿಗೆಯವರು. ನಾನು ಕಲ್ಲಡ್ಕದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನನ್ನವರು ಬಹರೈನಿನಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಅಕ್ಕನ ಜೊತೆ ಇದ್ದದ್ದು ಅವರ ಒಡಹುಟ್ಟಿದ ದೊಡ್ಡಕ್ಕ ಮಾತ್ರ. ಪಾರ್ಶ್ವವಾಯು ಬಡಿದು ಮೂರು ವರ್ಷದಿಂದ ಮಲಗಿದಲ್ಲೇ ಇದ್ದವರು. ಅವರ ಮಂಚ ಹಾಲಿನಲ್ಲಿ, ಕಿಟಕಿಯ ಪಕ್ಕ. ಮಂಚ ಇಟ್ಟ ಮೇಲೆ ಆ ಹಾಲಿನಲ್ಲಿ ಎರಡು ಕುರ್ಚಿಗೆ ಜಾಗ ಉಳಿದರೆ ಹೆಚ್ಚು.

ನಾನು ಹೆರಿಗೆ ಮುಗಿಸಿ ಮೂಡುಬಿದಿರೆಯ ತಾಯಿಮನೆಯಿಂದ ಹಿಂದೆ ಬಂದದ್ದು ಮಳೆ ಹಿಡಿದ ಮೇಲೆ. ಮಗಳಿಗೆ ಮೂರು ತಿಂಗಳು. ರಜೆ ಇನ್ನೂ ಎರಡು ತಿಂಗಳಿತ್ತು. ಮೂರು ತಿಂಗಳ ಮಗುವಿನ ಬಟ್ಟೆ ಎಂದರೆ ದಿನಕ್ಕೆ ಒಂದು ಬಕೆಟ್ ತುಂಬ. ಹೊರಗೆ ಒಂದು ಗಳಿಗೆ ಮಳೆ ಬಿಡುವುದಿಲ್ಲ. ಮನೆಯೊಳಗೆ ಕುರ್ಚಿಯ ಬೆನ್ನಿಗೆ, ಬಾಗಿಲಿಗೆ, ಕಿಟಕಿಯ ಸರಳಿಗೆ, ಎಲ್ಲೆಂದರಲ್ಲಿ ಬಟ್ಟೆ. ಯಾವುದೂ ಒಣಗುವುದಿಲ್ಲ. ಮುಗ್ಗಲು ವಾಸನೆ. ಮಗುವಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದು ಅದು ಇಡೀ ದಿನ ಅಳುತ್ತಿತ್ತು. ಫೋನಿನಲ್ಲಿ ಹುಡುಕಿ ಮಡಚುವ ಬಟ್ಟೆ ಸ್ಟ್ಯಾಂಡ್ ಒಂದನ್ನು ತರಿಸಿದೆ. ಬಿಚ್ಚಿದರೆ ಎರಡು ಬದಿಗೆ ರೆಕ್ಕೆಯ ಹಾಗೆ ತೆರೆದುಕೊಳ್ಳುವಂಥದ್ದು. ಇದ್ದ ಬಟ್ಟೆಯನ್ನೆಲ್ಲ ಅದರ ಮೇಲೆ ಹೇರಿದೆ. ಎರಡು ಚಾದರವನ್ನು ಒಂದೇ ರೆಕ್ಕೆಗೆ ಹಾಕಿದೆ. ಹತ್ತು ನಿಮಿಷದಲ್ಲಿ ಅದು ಮಗುಚಿ ಬಿತ್ತು. ಮಗು ಆಚೆ ಕೋಣೆಯಲ್ಲಿದ್ದದ್ದು ಪುಣ್ಯ.

ಸದ್ದು ಕೇಳಿ ಎದುರು ಬಾಗಿಲು ತೆರೆಯಿತು. ಅಲ್ಲಿಯವರೆಗೆ ನಾವು ಮೆಟ್ಟಿಲಲ್ಲಿ ನಕ್ಕದ್ದು ಬಿಟ್ಟರೆ ಮಾತಾಡಿದವರಲ್ಲ. ಅವರು ಒಳಗೆ ಬಂದು ಮೊದಲು ಮಗುವನ್ನು ನೋಡಿದರು. ಆಮೇಲೆ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿ, ಬಟ್ಟೆಯನ್ನೆಲ್ಲ ತೆಗೆದು ಬಕೆಟಿಗೆ ಹಾಕಿದರು. ತುಳುವಿನಲ್ಲಿ ಶುರುಮಾಡಿದವರು ನಾನು ಟೀಚರ್ ಎಂದು ತಿಳಿದ ಕೂಡಲೇ ಕನ್ನಡಕ್ಕೆ ಬದಲಾಯಿಸಿದರು. ಟೀಚರರ ಹತ್ತಿರ ಕನ್ನಡ ಮಾತಾಡುವುದೇ ಮರ್ಯಾದೆ ಎಂದು ಅವರ ಲೆಕ್ಕ. ಎಷ್ಟು ಹೇಳಿದರೂ ಕಡೆಯವರೆಗೆ ಬಿಡಲಿಲ್ಲ.

"ಬಟ್ಟೆಗೆ ಬಿಸಿಲೇ ಬೇಕಂತ ಇಲ್ಲ ಟೀಚರ್. ಗಾಳಿ ಬೇಕು. ನೀವು ಗಾಳಿಗೆ ದಾರಿಯೇ ಬಿಡ್ಲಿಲ್ಲ" ಎಂದರು.

ಮತ್ತೆ ಒಂದೊಂದಾಗಿ ಹಾಕಿ ತೋರಿಸಿದರು. ಭಾರದ್ದು ನಡುವಿನಲ್ಲಿ, ಹಗುರದ್ದು ರೆಕ್ಕೆಗಳಲ್ಲಿ. ಎರಡು ಬದಿಯೂ ತೂಕ ಸಮ ಇರಬೇಕು. ಒಂದು ಸರಳಿಗೆ ಬಟ್ಟೆ ಹಾಕಿದರೆ ಪಕ್ಕದ್ದು ಖಾಲಿ. ಚಾದರವನ್ನು ಒಂದೇ ಸರಳಿಗೆ ಮಡಚಿ ಹಾಕಬಾರದು. ನಡುವೆ ಒಂದು ಸರಳು ಬಿಟ್ಟು ಎರಡರ ಮೇಲೆ ಹರಡಿದರೆ ಒಳಗೆ ಗಾಳಿ ಆಡುತ್ತದೆ. ಹಾಕುವ ಮೊದಲು ಪ್ರತಿಯೊಂದನ್ನೂ ಚಟೀರ್ ಎಂದು ಕೊಡವಬೇಕು. ಜೇಬಿರುವುದನ್ನು ಒಳಗು ಹೊರಗು ಮಾಡಬೇಕು. ಟೇಬಲ್ ಫ್ಯಾನನ್ನು ನೆಲಕ್ಕಿಟ್ಟು ಕೆಳಗಿನಿಂದ ಗಾಳಿ ಬಿಡಬೇಕು, ಎದುರು ಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಬೇಕು. ಇಲ್ಲದಿದ್ದರೆ ಬಟ್ಟೆಯ ನೀರು ಗೋಡೆಗೆ ಹೋಗಿ ಕೂರುತ್ತದೆ. ಮಗು ಮಲಗುವ ಕೋಣೆಯಲ್ಲಂತೂ ಒಣಗಿಸಲೇಬಾರದು.

ಒಂದು ಮಾತನ್ನು ಅವರು ಆ ದಿನ ಹೇಳಿದರು, ಆಮೇಲೆ ನೂರು ಸಲ ಹೇಳಿದರು: "ಒಣಗದ ಬಟ್ಟೆ ತೊಳೆದ ಲೆಕ್ಕಕ್ಕೆ ಇಲ್ಲ."

ಮಳೆ ಪೂರ್ತಿ ಇಳಿಯುವವರೆಗೆ ಮಗುವಿನ ಬಟ್ಟೆಯಲ್ಲಿ ಅರ್ಧವನ್ನು ಅವರೇ ತೆಗೆದುಕೊಂಡು ಹೋಗುತ್ತಿದ್ದರು. ಸಂಜೆಗೆ ಮಡಚಿ ತಂದು ಕೊಡುತ್ತಿದ್ದರು. ಗುಳ್ಳೆ ವಾರದಲ್ಲಿ ಮಾಯವಾಯಿತು.

ಅವರ ಮನೆಯಲ್ಲಿ ನೆಲದ ಮೇಲಿಡುವ ಸ್ಟ್ಯಾಂಡ್ ಇರಲಿಲ್ಲ. ಇಡಲು ಜಾಗವೂ ಇರಲಿಲ್ಲ. ಮೇಲಿನ ಸ್ಲ್ಯಾಬಿಗೆ ಎರಡು ರಾಟೆ ಹಾಕಿಸಿ, ಆರು ಸ್ಟೀಲ್ ಪೈಪುಗಳ ಒಂದು ಚೌಕಟ್ಟನ್ನು ಹಗ್ಗದಲ್ಲಿ ತೂಗಿಸಿದ್ದರು. ಹಗ್ಗ ಬಿಟ್ಟರೆ ಎದೆಯ ಮಟ್ಟಕ್ಕೆ ಇಳಿಯುತ್ತದೆ, ಎಳೆದು ಗೋಡೆಯ ಕೊಕ್ಕೆಗೆ ಸುತ್ತಿದರೆ ಮೇಲೆ ಹೋಗಿ ಫ್ಯಾನಿನ ಪಕ್ಕ ನಿಲ್ಲುತ್ತದೆ. ಬಿ.ಸಿ. ರೋಡಿನ ಒಬ್ಬ ವೆಲ್ಡಿಂಗ್‌ನವನಿಂದ ತಾವೇ ನಿಂತು ಮಾಡಿಸಿದ್ದು. ಅದನ್ನು ನೋಡಿಕೊಳ್ಳುವುದರಲ್ಲಿ ಅವರಿಗೊಂದು ಶಿಸ್ತಿತ್ತು. ಬಟ್ಟೆ ಹಾಕುವ ಮೊದಲು ಪೈಪುಗಳನ್ನು ಒಣ ಬಟ್ಟೆಯಿಂದ ಒರೆಸುತ್ತಿದ್ದರು. ವಾರಕ್ಕೊಮ್ಮೆ ಸಾಬೂನು ನೀರು. ರಾಟೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಹಾಕಿದ ಮೇಲೆ ಹಳೆ ಬಟ್ಟೆಯಿಂದ ಒರೆಸಿ ಅರ್ಧ ದಿನ ಖಾಲಿ ಬಿಡಬೇಕು. ತೆಂಗಿನೆಣ್ಣೆ ಹಾಕಿದರೆ ಅಂಟಾಗಿ ಧೂಳು ಹಿಡಿಯುತ್ತದೆ ಎಂದು ನನ್ನ ಸ್ಟ್ಯಾಂಡಿನ ಕೀಲಿಗೆ ಹಾಕಿದ್ದನ್ನು ಬೈದು ಒರೆಸಿಸಿದ್ದರು. ಮಳೆ ಶುರುವಾಗುವ ಮೊದಲು ಪ್ರತಿ ವರ್ಷ ಹಗ್ಗ ಹೊಸದು. ಸ್ಕ್ರೂ ಸಡಿಲವಾಗಿದೆಯೋ ಎಂದು ಕುರ್ಚಿಯ ಮೇಲೆ ಹತ್ತಿ ನೋಡುತ್ತಿದ್ದರು. ನನ್ನ ಸ್ಟ್ಯಾಂಡಿನ ಬಣ್ಣ ಎದ್ದು ತುಕ್ಕು ಕಂಡಲ್ಲಿ ಉಪ್ಪುಕಾಗದದಲ್ಲಿ ಉಜ್ಜಿ ಉಗುರಿನ ಬಣ್ಣ ಬಳಿದದ್ದೂ ಅವರೇ. ಕಾಲಿನ ರಬ್ಬರ್ ಕಳೆದುಹೋದಾಗ ಸೈಕಲ್ ಟ್ಯೂಬ್ ಕತ್ತರಿಸಿ ಸಿಕ್ಕಿಸಿಕೊಟ್ಟರು.

ಇದೆಲ್ಲ ಹುಚ್ಚು ಅಂದುಕೊಂಡವರು ಕಟ್ಟಡದಲ್ಲಿ ಇದ್ದರು. ಅವರು ದೊಡ್ಡಕ್ಕನ ಬೆನ್ನು ನೋಡಿದವರಲ್ಲ. ಮೂರು ವರ್ಷ ಮಲಗಿದ ಹೆಂಗಸಿನ ಬೆನ್ನಿನಲ್ಲಿ ಒಂದು ಹುಣ್ಣು ಇರಲಿಲ್ಲ. ದಿನಕ್ಕೆ ನಾಲ್ಕು ಚಾದರ, ಕೆಲವೊಮ್ಮೆ ಆರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಒದ್ದೆಯಾದ ಕೂಡಲೇ ತೆಗೆದು ಒಣಗಿದ್ದನ್ನು ಹಾಸುತ್ತಿದ್ದರು. ಮಲಗಿದವರಿಗೆ ಪಸೆ ಚಾದರ ಎಂದರೆ ವಿಷ ಎನ್ನುವುದನ್ನು ಆಸ್ಪತ್ರೆಯಲ್ಲಿ ಕಣ್ಣಾರೆ ನೋಡಿದವರು ಅವರು.

ಅಕ್ಕ ಮಡಿವಾಳರ ಮನೆಯವರು. ಅವರ ತಾಯಿ ಬೆಳ್ತಂಗಡಿಯ ಕಡೆಯ ಊರುಗಳಲ್ಲಿ ಹೆರಿಗೆಯ, ಸಾವಿನ ಮನೆಗಳಿಗೆ ಮಡಿ ಬಟ್ಟೆ ಕೊಡುತ್ತಿದ್ದರಂತೆ. ಸೂತಕ ಕಳೆಯಬೇಕಾದರೆ ಮಡಿವಾಳರ ಕೈಯಿಂದ ಒಗೆದ ಬಟ್ಟೆ ಬರಬೇಕು. ನನ್ನ ಹೆರಿಗೆಯ ಸೂತಕ, ನಮ್ಮ ಕಡೆಯ ಮಾತಿನಲ್ಲಿ ಅಮೆ, ಕಳೆಯುವ ದಿನವೂ ತಾಯಿಮನೆಯ ಅಂಗಳಕ್ಕೆ ಒಬ್ಬ ಹೆಂಗಸು ಬಟ್ಟೆ ತಂದು ಕೊಟ್ಟು ಹೋಗಿದ್ದರು. ಅವರ ಹೆಸರೇನೆಂದು ನಾನು ಕೇಳಿರಲಿಲ್ಲ. ಅಕ್ಕ ಆ ಕೆಲಸವನ್ನು ಮಾಡಿದವರಲ್ಲ. ಅಮ್ಮನ ಕಾಲಕ್ಕೆ ಮುಗಿಯಿತು ಎನ್ನುತ್ತಿದ್ದರು. ತಾನು ಸಂಬಳಕ್ಕೆ ದುಡಿದವಳು, ಅಂಗಳದಲ್ಲಿ ನಿಂತವಳಲ್ಲ ಎಂದು ಒಮ್ಮೆ ಹೇಳಿದಾಗ ಮುಖ ಗಟ್ಟಿಯಾಗಿತ್ತು.

ಮರುವರ್ಷ ಕಟ್ಟಡಕ್ಕೆ ಬಣ್ಣ ಬಳಿಸಿದರು. ಬಣ್ಣ ಒಣಗುವ ಮೊದಲೇ ಅಸೋಸಿಯೇಶನ್ನಿನ ಹೊಸ ನಿಯಮ ಬಂತು. ಬಾಲ್ಕನಿಯಲ್ಲಿ ಬಟ್ಟೆ ಹಾಕಬಾರದು, ರಸ್ತೆಗೆ ಕಾಣುತ್ತದೆ. ಟೆರೇಸಿಗೆ ಬೀಗ. ಅಧ್ಯಕ್ಷರು ನೆಲ ಅಂತಸ್ತಿನಲ್ಲಿದ್ದ ನಿವೃತ್ತ ಅಧಿಕಾರಿ. ಸೆಕ್ರೆಟರಿ ಒಂದನೆಯ ಮಾಳಿಗೆಯವರು, ಸರಿಯಾಗಿ ಅಕ್ಕನ ಮನೆಯ ಕೆಳಗೆ. ಕರಾವಳಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ಬಟ್ಟೆಯನ್ನು ಎಲ್ಲಿ ಒಣಗಿಸಬೇಕೆಂದು ಒಬ್ಬರೂ ಕೇಳಲಿಲ್ಲ. ಗಂಡಸರು ಮಾಡಿದ ನಿಯಮ ಅದು. ಆ ಸಮಿತಿಯಲ್ಲಿ ತನ್ನ ಬನಿಯನ್ ತಾನು ಒಗೆದುಕೊಳ್ಳುವವ ಒಬ್ಬನೂ ಇರಲಿಲ್ಲವೆಂದು ನಾನು ಬರೆದುಕೊಡಬಲ್ಲೆ.

ಅಕ್ಕ ನಿಯಮ ಪಾಲಿಸಿದರು. ಒಂದು ಕರವಸ್ತ್ರವೂ ಬಾಲ್ಕನಿಗೆ ಹೋಗಲಿಲ್ಲ. ಎಲ್ಲವೂ ಹಾಲಿನೊಳಗೆ, ರಾಟೆಯ ಮೇಲೆ.

ಮಳೆ ಹಿಡಿದು ಎರಡು ವಾರಕ್ಕೆ ಸೆಕ್ರೆಟರಿಯವರ ಹಾಲಿನ ಮೇಲ್ಗಡೆ ಒಂದು ಪಸೆಯ ಕಲೆ ಕಾಣಿಸಿತು. ಹೊಸ ಬಣ್ಣ ಗುಳ್ಳೆ ಎದ್ದಿತು. ಪ್ಲಂಬರನ್ನು ಕರೆಸಿ ನೋಡಿಸುವ ಮೊದಲೇ ಕಾರಣ ಗೊತ್ತಾಗಿಬಿಟ್ಟಿತು: ಮೇಲಿನ ಮನೆಯವರು ದಿನವಿಡೀ ಒದ್ದೆ ಬಟ್ಟೆ ತೂಗುಹಾಕುತ್ತಾರೆ. ಅಷ್ಟೊಂದು ಚಾದರ ಇಬ್ಬರದ್ದೇ ಆಗಲು ಸಾಧ್ಯವಿಲ್ಲ, ಹೊರಗಿನವರದ್ದು ತಂದು ಒಗೆಯುತ್ತಾರೆ. ಹಾಗಂತ ಸೆಕ್ರೆಟರಿಯವರ ಹೆಂಡತಿ ನನ್ನ ಹತ್ತಿರವೇ ಹೇಳಿದರು. "ಕಸುಬು ರಕ್ತದಲ್ಲಿ ಬಂದದ್ದಲ್ವಾ, ಬಿಡ್ಲಿಕ್ಕೆ ಆಗುದಿಲ್ಲ ಅವರಿಗೆ" ಎಂದು ಧ್ವನಿ ತಗ್ಗಿಸಿದರು. ಆ ಚಾದರಗಳು ಯಾರವು ಎಂದು ನನಗೆ ಗೊತ್ತಿತ್ತು. ನಾನು ಹೇಳಬಹುದಿತ್ತು. ಆದರೆ ನಾನು ಶಾಲೆಗೆ ಹೋದಾಗ ನನ್ನ ಮಗಳನ್ನು ನೋಡಿಕೊಳ್ಳುತ್ತಿದ್ದವರು ಈ ಸೆಕ್ರೆಟರಿಯವರ ಹೆಂಡತಿಯೇ. ನಾನು ಸುಮ್ಮನಿದ್ದೆ.

ಮರುದಿನ ಸೆಕ್ರೆಟರಿ ಒಂದು ಅರ್ಜಿ ತಂದರು. ಅಕ್ಕನ ಮನೆಯ ಮಾಲೀಕ ಮಸ್ಕತ್ತಿನಲ್ಲಿದ್ದ. ಅವನಿಗೆ ಕಳುಹಿಸಲು. ಅಕ್ಕನ ಹೆಸರು ಬರೆದು, ಇವರು ವಸತಿ ಕಟ್ಟಡದಲ್ಲಿ ಬಟ್ಟೆ ಒಗೆಯುವ ವ್ಯವಹಾರ ನಡೆಸುತ್ತಿರುವ ಸಂಶಯವಿದೆ, ಕಟ್ಟಡಕ್ಕೆ ಹಾನಿಯಾಗುತ್ತಿದೆ, ನಿವಾಸಿಗಳ ಘನತೆಗೆ ಧಕ್ಕೆಯಾಗುತ್ತಿದೆ, ಆದ್ದರಿಂದ ಮನೆ ಬಿಡಿಸಬೇಕು ಎಂದಿತ್ತು. ನಾನು ಓದದೆ ಸಹಿ ಹಾಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿದೆ. ನಾನೂ ಬಾಡಿಗೆಯವಳು, ನಾಳೆ ನನ್ನ ಮಾಲೀಕನಿಗೂ ಇಂಥದ್ದೇ ಒಂದು ಹೋದರೆ ಎಂದು ಯೋಚಿಸಿದೆ. ಮಗುವನ್ನು ಎಲ್ಲಿ ಬಿಡುವುದು ಎಂದು ಯೋಚಿಸಿದೆ. ಅದರಲ್ಲಿ 'ದಕ್ಕೆ' ಎಂದು ಅಲ್ಪಪ್ರಾಣದಲ್ಲಿ ಬರೆದಿದ್ದರು. ಕನ್ನಡ ಟೀಚರಲ್ಲವೇ? ಅದನ್ನು ತಿದ್ದಿ, ಕೆಳಗೆ ಸಹಿ ಮಾಡಿದೆ.

ನಾಲ್ಕು ದಿನ ಕಳೆದು ಅಕ್ಕ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಾಲೀಕ ಅರ್ಜಿಯ ಫೋಟೋವನ್ನು ಅವರಿಗೆ ಕಳುಹಿಸಿದ್ದ. ಎರಡು ತಿಂಗಳಲ್ಲಿ ಮನೆ ಬಿಡಬೇಕೆಂದು ಕೆಳಗೆ ಬರೆದಿದ್ದ. ಅವರು ಫೋಟೋವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು.

"ಟೀಚರ್, ಈ ಘನತೆಗೆ ಧಕ್ಕೆ ಅಂದ್ರೆ ಎಂತ?"

ಮರ್ಯಾದೆ ಕಡಿಮೆಯಾಗುವುದು ಎಂದೆ.

"ಹಾಗಾ" ಎಂದರು. ಅವರ ಬೆರಳು ಫೋಟೋದ ಕೆಳಭಾಗಕ್ಕೆ, ಸಹಿಗಳ ಹತ್ತಿರ ಹೋಗಿ ನಿಂತಿತು. ಆಮೇಲೆ ಫೋನನ್ನು ಸೆರಗಿನಲ್ಲಿ ಇಟ್ಟುಕೊಂಡು, ಮಗುವಿನ ಬಟ್ಟೆ ಒಣಗಿದೆ, ಮಡಚಿ ಇಟ್ಟಿದ್ದೇನೆ, ಬಂದು ತೆಗೆದುಕೊಳ್ಳಿ ಎಂದು ಹೇಳಿ ಹೋದರು.

ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋಗಿ ದೊಡ್ಡಕ್ಕನ ಮಗ್ಗುಲು ಬದಲಾಯಿಸಲು ಕೈ ಕೊಡತೊಡಗಿದೆ. ಅವರು ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಆ ಎರಡು ತಿಂಗಳ ನಡುವೆ ಅಧ್ಯಕ್ಷರ ತಾಯಿ ತೀರಿಕೊಂಡರು. ತೊಂಬತ್ತರ ಹತ್ತಿರದ ಹಿರಿಯರು. ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕೂತುಕೊಳ್ಳುತ್ತಿದ್ದರು. ಹಾಲು ತರಲು ಹೋಗುವ ಅಕ್ಕನನ್ನು ದಿನವೂ ನಿಲ್ಲಿಸಿ ತುಳುವಿನಲ್ಲಿ ದೊಡ್ಡಕ್ಕನ ವಿಚಾರ ಕೇಳುತ್ತಿದ್ದವರು ಇಡೀ ಕಟ್ಟಡದಲ್ಲಿ ಅವರೊಬ್ಬರೇ. ಬೊಜ್ಜಕ್ಕೆ, ಅಂದರೆ ಸತ್ತವರ ಉತ್ತರಕ್ರಿಯೆಗೆ, ಮಡಿವಾಳರ ಕೈಯ ಬಟ್ಟೆ ಬೇಕಾಯಿತು. ಈಗ ಆ ಕೆಲಸ ಮಾಡುವವರು ಎಲ್ಲಿ ಸಿಗುತ್ತಾರೆ? ಎಲ್ಲೆಲ್ಲೋ ವಿಚಾರಿಸಿ ಸಿಗದೆ, ಸೆಕ್ರೆಟರಿಯನ್ನು ಅಕ್ಕನ ಬಾಗಿಲಿಗೆ ಕಳುಹಿಸಿದರು. ಯಾರ ಮನೆ ಬಿಡಿಸಲು ಕಾಗದ ಕಳುಹಿಸಿದ್ದರೋ ಅವರದೇ ಬಾಗಿಲಿಗೆ. ಅಕ್ಕ ಬಾಗಿಲಲ್ಲೇ ನಿಂತು, ಬೇಕಾದವರು ಬಂದು ಕೇಳಲಿ ಎಂದರು.

ಶನಿವಾರ ಮಧ್ಯಾಹ್ನ ಅಧ್ಯಕ್ಷರೇ ಬಂದರು. ನಾನು ಅಲ್ಲಿದ್ದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತು, ಮನೆಯ ಹಿರಿಯರು ಬೇಕೇ ಬೇಕು ಎನ್ನುತ್ತಾರೆ, ಬೇರೆ ದಾರಿ ಇಲ್ಲ, ಒಂದು ಬಟ್ಟೆ ಕೊಟ್ಟರೆ ಉಪಕಾರವಾಗುತ್ತದೆ ಎಂದರು. ಅಕ್ಕ ತಾನು ಈ ಕೆಲಸ ಮಾಡಿದವಳಲ್ಲ ಎಂದರು. ಆಮೇಲೆ ದೊಡ್ಡಕ್ಕನ ಕಡೆ ನೋಡಿ ಹೇಳಿದರು: "ನಿಮಗೆ ಅಲ್ಲ ಸರ್. ನಿಮ್ಮ ಅಮ್ಮನಿಗೆ ಕೊಡ್ತೇನೆ. ಒಳಗೆ ಬಂದು ಕೂತ್ಕೊಳ್ಳಿ. ಒಣಗ್ಬೇಕಲ್ಲ."

ಆಮೇಲೆ ಬರುತ್ತೇನೆ ಎಂದು ಅವರು ತಿರುಗಿದರು.

"ಇಲ್ಲ ಸರ್. ಒಣಗುವುದನ್ನು ನೀವೇ ನೋಡ್ಬೇಕು. ನಾಳೆ ಯಾರಾದರೂ ಕೇಳಿದ್ರೆ ನೀವು ಹೇಳ್ಬೇಕಲ್ಲ, ಕೆಳಗೆ ನೀರು ಬೀಳ್ತದಾ ಇಲ್ವಾ ಅಂತ."

ಅವರು ಕೂತರು. ಕೂರದೆ ಉಪಾಯವಿರಲಿಲ್ಲ. ಅಕ್ಕ ಪೆಟ್ಟಿಗೆಯಿಂದ ಒಂದು ಹೊಸ ಬಿಳಿ ಪಂಚೆ ತೆಗೆದು, ಬಚ್ಚಲಿಗೆ ಹೋಗಿ ಒಗೆದು, ಅಲ್ಲೇ ನೀರು ಸೋರುವವರೆಗೆ ತೂಗುಹಾಕಿ, ಒಣ ಟವೆಲಿನಲ್ಲಿ ಸುತ್ತಿ ಹಿಂಡಿ ತಂದರು. ಹಗ್ಗ ಇಳಿಸಿ, ಪೈಪು ಒರೆಸಿ, ಪಂಚೆಯನ್ನು ಎರಡು ಪೈಪುಗಳ ಮೇಲೆ ಹರಡಿ ಮೇಲಕ್ಕೆ ಎಳೆದರು. ಅಧ್ಯಕ್ಷರ ಕಾಲ ಬಳಿ, ಸರಿಯಾಗಿ ಪಂಚೆಯ ಕೆಳಗೆ, ಒಂದು ಹಳೆ ಪೇಪರ್ ಹಾಸಿದರು. ಫ್ಯಾನ್ ಹಾಕಿ ಕಿಟಕಿಯನ್ನು ನಾಲ್ಕು ಬೆರಳು ತೆರೆದರು.

ಹೊರಗೆ ಜಡಿಮಳೆ. ಮೂರು ಗಂಟೆ ಹೊತ್ತು ಆ ಮನುಷ್ಯ ಅಲ್ಲಿ ಕೂತರು. ನಡುವೆ ದೊಡ್ಡಕ್ಕನ ಚಾದರ ಬದಲಾಯಿಸುವ ಹೊತ್ತಾಯಿತು. ಅಕ್ಕ ಅಧ್ಯಕ್ಷರಿಗೆ ಬಾಗಿಲ ಕಡೆ ತಿರುಗಿ ಕೂರಲು ಹೇಳಿದರು. ಅವರು ತಿರುಗಿದರು. ನಾವಿಬ್ಬರು ದೊಡ್ಡಕ್ಕನನ್ನು ಮಗ್ಗುಲಿಗೆ ಹೊರಳಿಸಿದೆವು. ಒರೆಸಿದೆವು. ಹೊಸದನ್ನು ಹಾಸಿದೆವು. ಒದ್ದೆಯಾದದ್ದನ್ನು ಅಕ್ಕ ಅವರ ಪಕ್ಕದಿಂದಲೇ ಬಚ್ಚಲಿಗೆ ಒಯ್ದರು. ಆ ಚಾದರಗಳು ಯಾರವು ಎಂದು ಅವರಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ಅಕ್ಕ ಬೆಲ್ಲದ ಚಹಾ ಕೊಟ್ಟರು. ಅವರು ಕುಡಿದರು.

ಪಂಚೆ ಒಣಗಿದಾಗ ಪೇಪರಿನ ಮೇಲೆ ಒಂದು ಹನಿ ಇರಲಿಲ್ಲ. ಅಕ್ಕ ಅದನ್ನು ಎತ್ತಿ ಅಧ್ಯಕ್ಷರ ಕೈಗೆ ಕೊಟ್ಟು ಮುಟ್ಟಿ ನೋಡಲು ಹೇಳಿದರು. ಅವರು ಮುಟ್ಟಿದರು. ಪಂಚೆಯನ್ನು ಮಡಚಿ ಹರಿವಾಣದಲ್ಲಿಟ್ಟು ಕೊಟ್ಟಾಗ ಎರಡು ಕೈಯಲ್ಲಿ ತೆಗೆದುಕೊಂಡರು. ಅಮ್ಮನಿಗೆ ನಿಮ್ಮ ಮೇಲೆ ಪ್ರೀತಿ ಇತ್ತು ಎಂದರು. ಕಣ್ಣು ಒದ್ದೆಯಾಗಿತ್ತು. ನಾನು ಎಲ್ಲ ಸರಿಹೋಯಿತು ಅಂದುಕೊಂಡೆ. ಮೂರು ಗಂಟೆ ಕಣ್ಣಿನಲ್ಲಿ ಕಂಡ ಮೇಲೆ ಯಾರು ತಾನೇ ಸುಮ್ಮನಿದ್ದಾರು?

ಸುಮ್ಮನಿದ್ದರು. ಬೊಜ್ಜ ಮುಗಿದು ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ಅರ್ಜಿ ಹಿಂದೆ ತೆಗೆದುಕೊಳ್ಳಬೇಕೆಂದು ಕೇಳಿದೆ. ಅದರಲ್ಲಿ ಬರೆದದ್ದು ಸುಳ್ಳು, ಅಧ್ಯಕ್ಷರೇ ಕಣ್ಣಾರೆ ನೋಡಿದ್ದಾರೆ ಎಂದೆ. ಎಲ್ಲರೂ ಅವರ ಕಡೆ ತಿರುಗಿದರು. ಅವರು ಕನ್ನಡಕ ಒರೆಸುತ್ತ, ಅದು ವೈಯಕ್ತಿಕ ವಿಷಯ, ಇದು ಕಟ್ಟಡದ ನಿಯಮ, ಎರಡನ್ನು ಬೆರೆಸಬಾರದು ಎಂದರು. ಹಾಗಾದರೆ ನನ್ನ ಸಹಿಯನ್ನಾದರೂ ತೆಗೆಯಿರಿ ಎಂದೆ. ಹೋದ ಕಾಗದದಿಂದ ಸಹಿ ತೆಗೆಯುವುದು ಹೇಗೆ ಎಂದು ಸೆಕ್ರೆಟರಿ ಕೇಳಿದರು. ಯಾರೋ ನಕ್ಕರು.

ನನಗೆ ಜೀವನದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ. "ಅವರ ಕೈಯ ಬಟ್ಟೆ ಬೇಕು, ಅವರು ಬೇಡ. ಹೌದಾ ಸರ್?" ಎಂದೆ. ಮುಂದಿನ ವಿಷಯ ನೀರಿನ ಟ್ಯಾಂಕ್ ತೊಳೆಸುವುದು ಎಂದು ಸೆಕ್ರೆಟರಿ ಓದಿದರು. ಮರುದಿನ ಅವರ ಹೆಂಡತಿ ಇನ್ನು ಮಗುವನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದರು. ಮೂಡುಬಿದಿರೆಯಿಂದ ಅಮ್ಮ ಬಂದು ನಿಂತರು. ಅಷ್ಟೇ. ನಾನು ಹೆದರಿ ಹೆದರಿ ಸಹಿ ಹಾಕಿದ್ದು ಇಷ್ಟು ಸಣ್ಣ ತೊಂದರೆಗೆ.

ಅಕ್ಕ ಮಳೆಯಲ್ಲೇ ಮನೆ ಬಿಟ್ಟರು. ರಾಟೆಗಳನ್ನು ತಾವೇ ಬಿಚ್ಚಿ, ಸ್ಲ್ಯಾಬಿನ ತೂತುಗಳಿಗೆ ಬಿಳಿ ಸಿಮೆಂಟ್ ತುಂಬಿ ಸಮ ಮಾಡಿದರು. ಕೊಕ್ಕಡದಲ್ಲಿ ಚಿಕ್ಕಮ್ಮನ ಮಗನ ಮನೆಗೆ ತಾಗಿದ ಒಂದು ಕೋಣೆ ಸಿಕ್ಕಿತ್ತು. ನಾನು ಮೊದಲ ಸಲ ಹೋದಾಗ ಆ ಪೈಪಿನ ಚೌಕಟ್ಟು ಮೂಲೆಯಲ್ಲಿ ಒರಗಿತ್ತು. ಹಂಚಿನ ಮಾಡು ತಗ್ಗು, ಅದನ್ನು ಹೊತ್ತ ಪಕ್ಕಾಸಿನ ಮರಗಳಿಗೆ ಗೆದ್ದಲು ಹಿಡಿದಿತ್ತು, ಭಾರ ತಡೆಯುವಂತಿರಲಿಲ್ಲ. ಮಂಚದ ಸುತ್ತ ಹಗ್ಗ ಕಟ್ಟಿ ಅದರ ಮೇಲೆ ಚಾದರ ಹಾಕಿದ್ದರು. ಒಂದೊಂದು ಒಣಗಲು ಎರಡು ದಿನ. ನನ್ನ ಸ್ಟ್ಯಾಂಡನ್ನು ಬಸ್ಸಿನಲ್ಲಿ ಕೊಂಡುಹೋಗಿ ಕೊಟ್ಟೆ. ಅದನ್ನು ಪೂರ್ತಿ ಬಿಡಿಸಲು ಅಲ್ಲಿ ನೆಲವೇ ಇರಲಿಲ್ಲ, ಒಂದು ರೆಕ್ಕೆ ಮಾತ್ರ ತೆರೆಯುತ್ತಿತ್ತು.

ನಾಲ್ಕು ವರ್ಷ ಬಾರದ ಹುಣ್ಣು ಒಂದೇ ತಿಂಗಳಲ್ಲಿ ದೊಡ್ಡಕ್ಕನ ಬೆನ್ನಿಗೆ ಬಂತು. ಆಸ್ಪತ್ರೆ, ಮತ್ತೆ ಮನೆ, ಮತ್ತೆ ಆಸ್ಪತ್ರೆ. ದೀಪಾವಳಿ ಕಳೆದು ಹತ್ತು ದಿನಕ್ಕೆ ಹೋದರು. ನಂಜು ಏರಿತ್ತು ಎಂದು ಡಾಕ್ಟರ್ ಹೇಳಿದರಂತೆ. ಆ ನಂಜು ಎಲ್ಲಿಂದ ಶುರುವಾಯಿತು ಎಂದು ನನಗೆ ಗೊತ್ತಿದೆ.

ಮುಂದಿನ ಮಳೆಗಾಲ ಬಂತು. ಅಕ್ಕನ ಆ ಮನೆ ಖಾಲಿ ಬಿದ್ದಿತ್ತು. ಒಳಗೆ ಒಂದು ಒದ್ದೆ ಚಿಂದಿಯೂ ಇರಲಿಲ್ಲ. ಸೆಕ್ರೆಟರಿಯವರ ಹಾಲಿನ ಸ್ಲ್ಯಾಬಿನ ಕಲೆ ಈ ಸಲ ಇಡೀ ಮೇಲ್ಭಾಗಕ್ಕೆ ಹರಡಿ, ಗಾರೆ ಉದುರತೊಡಗಿತು. ಕೊನೆಗೂ ಪ್ಲಂಬರ್ ಬಂದ. ಟೆರೇಸಿನಿಂದ ಮಳೆನೀರು ಇಳಿಯುವ ಪೈಪು ಗೋಡೆಯೊಳಗೆ ಕಟ್ಟಿಕೊಂಡಿತ್ತು. ಬಣ್ಣ ಬಳಿಯುವಾಗ ಕೆರೆದ ಗಾರೆಯನ್ನೆಲ್ಲ ಅದರೊಳಗೆ ತಳ್ಳಿದ್ದರು. ಟೆರೇಸಿಗೆ ಬೀಗ ಹಾಕಿದ್ದರಿಂದ ಯಾರೂ ನೋಡಿರಲಿಲ್ಲ. ಅರ್ಧ ದಿನದ ಕೆಲಸ. ಪೈಪು ತೆರವಾಯಿತು, ಕಲೆ ನಿಂತಿತು. ಸಭೆಯಲ್ಲಿ ಪ್ಲಂಬರನಿಗೆ ಧನ್ಯವಾದ ಹೇಳಿದರು. ಇನ್ನೊಂದು ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಎತ್ತಿದೆ. ಆದದ್ದು ಆಗಿಹೋಯಿತು, ಈಗ ಅದನ್ನೆಲ್ಲ ಕೆದಕಿ ಏನು ಪ್ರಯೋಜನ ಎಂದರು.

ಆ ಭಾನುವಾರ ಬಸ್ಸು ಹತ್ತಿ ಕೊಕ್ಕಡಕ್ಕೆ ಹೋದೆ. ಪೈಪಿನ ವಿಚಾರ ಪೂರ್ತಿ ಹೇಳಿದೆ. ಅಕ್ಕ ಅಂಗಳದ ಬದಿಯಲ್ಲಿ ಕೂತು ಕೇಳಿದರು. ತನಗೆ ಹೊಸ ಸುದ್ದಿ ಅಲ್ಲ ಎಂದರು. ಇಡೀ ಆಯುಷ್ಯ ನೀರಿನೊಟ್ಟಿಗೆ ಕಳೆದವಳಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುವುದಿಲ್ಲವೇ, ಆದರೆ ಯಾರೂ ತನ್ನನ್ನು ಕೇಳಲಿಲ್ಲವಲ್ಲ ಎಂದರು. ಆಮೇಲೆ ನಾನು ಬಂದಾಗಿನಿಂದ ಬಾಯಿಗೆ ಬಾರದೆ ನಿಂತಿದ್ದ ಮಾತನ್ನು ಹೇಳಿದೆ. ಆ ಅರ್ಜಿಯಲ್ಲಿ ನನ್ನ ಸಹಿಯೂ ಇತ್ತು ಎಂದೆ.

"ನೋಡಿದ್ದೆ. ನಿಮ್ಮ ಅಕ್ಷರ ಚಂದ ಉಂಟು" ಎಂದರು.

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ ನಿಧಾನವಾಗಿ ಹೇಳಿದರು: "ನನಗೆ ಕೋಪ ಬಂದಿತ್ತು ಟೀಚರ್. ಈಗಲೂ ಉಂಟು. ಸುಳ್ಳು ಯಾಕೆ ಹೇಳುವುದು? ಆದ್ರೆ ಅಷ್ಟು ಜನರಲ್ಲಿ ಬಸ್ಸು ಹತ್ತಿ ಬಂದದ್ದು ನೀವೊಬ್ಬರು. ಊಟ ಮಾಡುವ, ಬನ್ನಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕುಚ್ಚಲಕ್ಕಿ ಗಂಜಿ, ಬಸಳೆಯ ಪದಾರ್ಥ ಬಡಿಸಿದರು. ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಮಗಳನ್ನು ಕರೆದುಕೊಂಡು ಹೋದರೆ ಅವಳ ಫ್ರಾಕಿನ ಅಂಚನ್ನು ಹಿಡಿದು ಮೂಸಿ, ಸರಿಯಾಗಿ ಒಣಗಿದೆಯೋ ಎಂದು ನೋಡುತ್ತಿದ್ದರು. ಒಣಗಿದ್ದರೆ ತಲೆ ಆಡಿಸುತ್ತಿದ್ದರು. ಒಮ್ಮೆಯೂ ಕಟ್ಟಡದವರ ಬಗ್ಗೆ ವಿಚಾರಿಸಲಿಲ್ಲ.

ಈ ವರ್ಷ ಮಳೆ ಶುರುವಾದ ವಾರ, ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕುಸಿದು ಕೂತವರು ಏಳಲಿಲ್ಲ. ನನಗೆ ಗೊತ್ತಾಗಿ ನಾನು ಹೋಗುವಷ್ಟರಲ್ಲಿ ಚಿತೆಯ ಬೂದಿಗೆ ನೀರು ಹಾಕಿ ಆಗಿತ್ತು.

ಸುದ್ದಿಯನ್ನು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಅಧ್ಯಕ್ಷರು ಓಂ ಶಾಂತಿ ಎಂದು ಬರೆದರು. ಸೆಕ್ರೆಟರಿಯವರ ಹೆಂಡತಿ, ಬಹಳ ಶುಚಿಯ ಹೆಂಗಸು ಎಂದು ಬರೆದರು. ಅದರ ಕೆಳಗೇ, ಆ ಕೈಮುಗಿತ ಮುಗಿಯುವ ಮೊದಲೇ, ಸೆಕ್ರೆಟರಿಯ ಇನ್ನೊಂದು ಸಂದೇಶ: ಮಳೆಗಾಲ ಆರಂಭವಾದ ಕಾರಣ ಬಾಲ್ಕನಿಯಲ್ಲಿ ಬಟ್ಟೆ ಹಾಕಬಾರದೆಂದು ನಿವಾಸಿಗಳಿಗೆ ಮತ್ತೊಮ್ಮೆ ನೆನಪಿಸಲಾಗಿದೆ.

ನಾನು ಇಲ್ಲಿ ಬರೆದದ್ದನ್ನೆಲ್ಲ, ಅರ್ಜಿಯಿಂದ ಹಿಡಿದು ದೊಡ್ಡಕ್ಕನ ಬೆನ್ನಿನ ಹುಣ್ಣಿನವರೆಗೆ, ಯಾರು ಯಾರು ಸಹಿ ಹಾಕಿದೆವು ಎಂಬುದರ ಸಮೇತ ಆ ಗುಂಪಿನಲ್ಲಿ ಬರೆದೆ. ನನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಅರ್ಧ ಗಂಟೆಯೊಳಗೆ ಅದನ್ನು ಅಳಿಸಿ, ನನ್ನನ್ನು ಗುಂಪಿನಿಂದ ತೆಗೆದರು.

ಅದಕ್ಕೇ ಇಲ್ಲಿ ಬರೆದಿದ್ದೇನೆ.